ನಮ್ಮ ಸೆಟ್ಟಿಂಗ್ಸ್ ಎಲ್ಲಿಡುತ್ತೀರಿ? ಕನ್ನಡ ತಂತ್ರಾಂಶ ಮಾಡುವವರಿಗೊಂದು ಬಹಿರಂಗ ಪತ್ರ

ಕನ್ನಡದ ಕೀಬೋರ್ಡ್, ಫಾಂಟ್, ಪದಪರೀಕ್ಷಕ, ಡಿಟಿಪಿ ತಂತ್ರಾಂಶಗಳನ್ನು ಬರೆದು, ಪ್ಯಾಕೇಜ್ ಮಾಡಿ ಹಂಚುವ ಎಲ್ಲರಿಗೂ, ಅವನ್ನು ಟೆಂಡರ್ ಕರೆದು ಶಾಲೆ, ಕಚೇರಿಗಳಿಗೆ ಕೊಳ್ಳುವ ಅಧಿಕಾರಿಗಳಿಗೂ,

ನಮಸ್ಕಾರ.

ನಾನು ತುಮಕೂರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಮಾಡುವವನು. ಇಲ್ಲಿನ ಒಂದಷ್ಟು ಪ್ರೆಸ್‌ಗಳು, ಡಿಟಿಪಿ ಅಂಗಡಿಗಳು, ಗುಬ್ಬಿ, ಕೊರಟಗೆರೆ ಕಡೆಯ ಕೆಲವು ಶಾಲೆಗಳ ಲ್ಯಾಬ್‌ಗಳು ನನ್ನ ಗಿರಾಕಿಗಳು. ಕೆಲವು ಕಡೆ ಉಬುಂಟು (ಲಿನಕ್ಸ್‌ನ ಒಂದು ಬಗೆ), ಕೆಲವು ಕಡೆ ವಿಂಡೋಸ್. ನೀವು ಬರೆದ ಕೋಡ್ ನಾನು ಓದುವುದು ಕಡಿಮೆ. ಆದರೆ ನಿಮ್ಮ ಇನ್‌ಸ್ಟಾಲರ್ ಯಾವ ಫೋಲ್ಡರಿನಲ್ಲಿ ಏನು ಇಟ್ಟು ಹೋಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಏನಾದರೂ ಕಾಣೆಯಾದಾಗ ಹುಡುಕುವವನು ನಾನೇ ತಾನೆ.

ಈ ಪತ್ರ ಒಂದೇ ಪ್ರಶ್ನೆಯ ಬಗ್ಗೆ. ಬಳಸುವವರು ತಮಗೆ ಬೇಕಾದಂತೆ ಬದಲಿಸಿಕೊಂಡ ಸೆಟ್ಟಿಂಗ್ಸ್ ಎಲ್ಲಿರಬೇಕು? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪ್ಯಾಕೇಜ್, ಅಂದರೆ ಇನ್‌ಸ್ಟಾಲ್ ಆಗುವ ತಂತ್ರಾಂಶದ ಕಟ್ಟು, ತಾನು ತಂದ ಡಿಫಾಲ್ಟ್‌ಗಳನ್ನು (ಯಾರೂ ಬದಲಿಸದಿದ್ದಾಗ ಇರುವ ಆಯ್ಕೆಗಳನ್ನು) ತನ್ನ ಫೋಲ್ಡರಿನಲ್ಲಿ ಇಟ್ಟುಕೊಳ್ಳಲಿ. ಇಡೀ ಯಂತ್ರಕ್ಕೆ ಬೇಕಾದ ಬದಲಾವಣೆ ಮಾಡಲು ನನ್ನಂಥವರಿಗೆ ಬೇರೆ ಒಂದು ಜಾಗ ಕೊಡಿ. ಬಳಸುವವರು ತಮಗಾಗಿ ಮಾಡಿಕೊಂಡಿದ್ದು ಅವರವರ ಹೋಮ್ ಫೋಲ್ಡರಿನಲ್ಲಿ, ಅಂದರೆ ಅವರ ಲಾಗಿನ್‌ಗೆ ಸೇರಿದ ಸ್ವಂತ ಫೋಲ್ಡರಿನಲ್ಲಿ, ಇರಲಿ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಬರೆಯುವುದು ಬೇಡ.

ಇದೇನು ಹೊಸ ಮಾತಲ್ಲ. ಆದರೂ ಪತ್ರ ಬರೆಯುವ ಹಾಗಾಗಿದೆ.

ನಮ್ಮೂರಿನ ಒಂದು ಲಗ್ನಪತ್ರಿಕೆ ಅಂಗಡಿಯ ಕಥೆ ಕೇಳಿ. ಅಲ್ಲಿ ಟೈಪ್ ಮಾಡುವ ಅಕ್ಕ ವರ್ಷಗಟ್ಟಲೆ ಕೂತು ತಮ್ಮದೇ ಶಾರ್ಟ್‌ಕಟ್ ಪಟ್ಟಿ ಬೆಳೆಸಿದ್ದರು. ‘ಚಿನಾಹ’ ಅಂತ ಹೊಡೆದರೆ ‘ಚಿಕ್ಕನಾಯಕನಹಳ್ಳಿ ತಾಲ್ಲೂಕು, ತುಮಕೂರು ಜಿಲ್ಲೆ’ ಬರುತ್ತಿತ್ತು. ‘ಚಿಕುಸೌ’ ಅಂದರೆ ‘ಚಿ|| ಕುಂ|| ಸೌ||’, ಆ ಎರಡೆರಡು ಗೆರೆಗಳ ಸಮೇತ. ‘ಆಶೀ’ ಅಂದರೆ ‘ಆಶೀರ್ವಾದವೇ ಉಡುಗೊರೆ’. ನೊಣವಿನಕೆರೆ, ಹೊನ್ನವಳ್ಳಿ, ವೈ.ಎನ್. ಹೊಸಕೋಟೆ, ಹೀಗೆ ಪತ್ರಿಕೆಯಲ್ಲಿ ಪದೇ ಪದೇ ಬರುವ ಊರುಗಳು, ಕಲ್ಯಾಣ ಮಂಟಪಗಳು, ಗೋತ್ರಗಳು, ಮನೆತನಗಳು ಎಲ್ಲವೂ ಅದರಲ್ಲಿದ್ದವು. ಗಿರಾಕಿ ಹೇಳುತ್ತಾ ಹೋದ ಹಾಗೆ ಪರದೆ ಮೇಲೆ ಪತ್ರಿಕೆ ತಯಾರು.

ಮದುವೆ ಸೀಸನ್‌ನ ಮಧ್ಯದಲ್ಲಿ ಆ ಟೈಪಿಂಗ್ ತಂತ್ರಾಂಶ ಅಪ್‌ಡೇಟ್ ಕೇಳಿತು. ಕೊಟ್ಟರು. ಪಟ್ಟಿ ಖಾಲಿ. ‘ಚಿನಾಹ’ ಅಂದರೆ ಪರದೆ ಮೇಲೆ ‘ಚಿನಾಹ’ ಅಂತಲೇ ಕೂತಿತ್ತು. ಅಕ್ಕ ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಫೋನ್ ಬಂತು.

ನಡೆದದ್ದು ಏನು ಅಂದರೆ, ಆ ತಂತ್ರಾಂಶ ಪದಪಟ್ಟಿಯನ್ನು ತಾನು ಇನ್‌ಸ್ಟಾಲ್ ಆದ ಜಾಗದಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್ ಒಳಗೆ, ಬರೆಯಲು ಹೋಗುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಲ್ಲರೂ ಅಡ್ಮಿನ್ ಆಗಿಯೇ ಲಾಗಿನ್ ಆಗುತ್ತಿದ್ದರು. ಹಾಗಾಗಿ ಅದು ನಡೆಯುತ್ತಿತ್ತು. 2007ರಲ್ಲಿ ವಿಸ್ಟಾ ಬಂದ ಮೇಲೆ ಸಾಮಾನ್ಯ ಬಳಕೆದಾರ ಅಲ್ಲಿ ಬರೆಯುವ ಹಾಗಿಲ್ಲ. ಆದರೆ ಹಳೆಯ ತಂತ್ರಾಂಶಗಳು ಒಮ್ಮೆಗೇ ನಿಂತುಹೋಗಬಾರದು ಅಂತ ಮೈಕ್ರೋಸಾಫ್ಟ್ ಒಂದು ಉಪಾಯ ಮಾಡಿತು. ಹಳೆಯ ಪ್ರೋಗ್ರಾಂ ಪ್ರೋಗ್ರಾಂ ಫೈಲ್ಸ್‌ಗೆ ಬರೆಯಲು ಹೋದರೆ, ವಿಂಡೋಸ್ ಸದ್ದಿಲ್ಲದೆ ಅದನ್ನು ಬಳಕೆದಾರನ ಆ್ಯಪ್‌ಡೇಟಾ ಒಳಗಿನ ವರ್ಚುವಲ್‌ಸ್ಟೋರ್ ಅನ್ನುವ ಫೋಲ್ಡರಿಗೆ ತಿರುಗಿಸುತ್ತದೆ. ಓದುವಾಗಲೂ ಅಲ್ಲಿಂದಲೇ ಓದಿಸುತ್ತದೆ. ಪ್ರೋಗ್ರಾಂಗೆ ಏನೂ ಗೊತ್ತಾಗುವುದಿಲ್ಲ. ಹೊಸ ಆವೃತ್ತಿಯವರು ತಮ್ಮ ಪ್ರೋಗ್ರಾಂಗೆ ಇವತ್ತಿನ ಕ್ರಮದ ಮ್ಯಾನಿಫೆಸ್ಟ್, ಅಂದರೆ ಯಾವ ಅಧಿಕಾರದಲ್ಲಿ ಓಡಬೇಕು ಅಂತ ವಿಂಡೋಸ್‌ಗೆ ಹೇಳುವ ಚೀಟಿ, ಸೇರಿಸಿದ್ದರು. ಹಾಗೆ ಸೇರಿಸಿದ ಕ್ಷಣ ವಿಂಡೋಸ್ ಈ ತಿರುಗಿಸುವ ಕೆಲಸ ನಿಲ್ಲಿಸುತ್ತದೆ. ಹೊಸ ಆವೃತ್ತಿ ನಿಜವಾದ ಪ್ರೋಗ್ರಾಂ ಫೈಲ್ಸ್ ನೋಡಿತು. ಅಲ್ಲಿ ತನ್ನದೇ ಖಾಲಿ ಪಟ್ಟಿ ಕಂಡಿತು. ಅಕ್ಕನ ಪಟ್ಟಿ ವರ್ಚುವಲ್‌ಸ್ಟೋರ್‌ನಲ್ಲಿ ಹಾಗೇ ಇತ್ತು, ಕೇಳುವವರಿರಲಿಲ್ಲ ಅಷ್ಟೇ.

ಆ ಯಂತ್ರದಲ್ಲಿ ಪಟ್ಟಿ ಸಿಕ್ಕಿತು. ಪಕ್ಕದ ಯಂತ್ರದಲ್ಲಿ ಸಿಗಲಿಲ್ಲ. ಅಲ್ಲಿ ಯಾರೋ ಆ ತಂತ್ರಾಂಶವನ್ನು ಸದಾ ಅಡ್ಮಿನ್ ಆಗಿ ತೆರೆಯುವಂತೆ ಮಾಡಿಟ್ಟಿದ್ದರು. ಹಾಗಾಗಿ ಪಟ್ಟಿ ನಿಜವಾಗಿಯೂ ಪ್ರೋಗ್ರಾಂ ಫೈಲ್ಸ್ ಒಳಗೇ ಇತ್ತು. ಅಪ್‌ಡೇಟ್ ಅದರ ಮೇಲೆ ಖಾಲಿ ಪಟ್ಟಿ ಬರೆದು ಹೋಗಿತ್ತು. ಮನೆ ಓನರ್ ಸುಣ್ಣ ಬಳಿಸಲು ಬಂದು, ಬಾಡಿಗೆಯವರ ಬೀರುವನ್ನೂ ಖಾಲಿ ಮಾಡಿ ಹೋದ ಹಾಗೆ.

ಇಲ್ಲಿ ತಪ್ಪು ಅಪ್‌ಡೇಟ್‌ನದಲ್ಲ. ಅಪ್‌ಡೇಟ್ ಅಂದರೆ ತನ್ನ ಹಳೆಯ ಕಡತ ತೆಗೆದು ಹೊಸದು ಇಡುವುದೇ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತು. ಅಕ್ಕನ ಪಟ್ಟಿ ಆ ಜಾಗದಲ್ಲಿ ಇರಲೇಬಾರದಿತ್ತು.

ಲಿನಕ್ಸ್ ಕಡೆಯವರು ಈ ಕಥೆ ಕೇಳಿ ನಗಬೇಡಿ. ನಿಮ್ಮಲ್ಲಿ ನಿಯಮ ಚೆನ್ನಾಗಿದೆ, ಒಪ್ಪುತ್ತೇನೆ. ಉಬುಂಟುವಿಗೆ ಮೂಲವಾದ ಡೆಬಿಯನ್‌ನ ಪಾಲಿಸಿ ಕೈಪಿಡಿಯಲ್ಲಿ ಖಡಾಖಂಡಿತವಾಗಿ ಬರೆದಿದೆ: ಇಡೀ ಯಂತ್ರದ ಕಾನ್ಫಿಗರೇಶನ್ ಕಡತಗಳು ಎಟ್ಸಿ ಫೋಲ್ಡರಿನಲ್ಲಿ ಇರಬೇಕು, ಅಪ್‌ಗ್ರೇಡ್ ಆಗುವಾಗ ಸ್ಥಳೀಯ ಬದಲಾವಣೆಗಳು ಉಳಿಯಬೇಕು, ಪ್ಯಾಕೇಜ್ ತೆಗೆದರೂ ಅವು ಉಳಿಯಬೇಕು, ‘ಪರ್ಜ್’ (ಪೂರ್ತಿ ಅಳಿಸು) ಅಂತ ಕೇಳಿದಾಗ ಮಾತ್ರ ಅಳಿಸಬೇಕು. ನಾನೂ ತಿದ್ದಿದ ಕಡತವನ್ನು ಹೊಸ ಆವೃತ್ತಿಯಲ್ಲಿ ನೀವೂ ತಿದ್ದಿದ್ದರೆ, ಪ್ಯಾಕೇಜ್ ಹಾಕುವ ಡಿಪಿಕೆಜಿ ಯಾವುದು ಇರಲಿ ಅಂತ ನಿಂತು ಕೇಳುತ್ತದೆ. ಸುಮ್ನೆ ಎಂಟರ್ ಒತ್ತಿದರೆ ನನ್ನದೇ ಉಳಿಯುತ್ತದೆ. ನಿಮ್ಮದು ‘ಡಿಪಿಕೆಜಿ-ಡಿಸ್ಟ್’ ಅನ್ನುವ ಬಾಲ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತದೆ. ಬೇರೆ ಲಿನಕ್ಸ್‌ಗಳಲ್ಲಿ, ಫೆಡೋರಾ ಕಡೆ ಇದೇ ಕೆಲಸಕ್ಕೆ ‘ಆರ್‌ಪಿಎಂ-ನ್ಯೂ’, ಆರ್ಚ್ ಕಡೆ ‘ಪ್ಯಾಕ್-ನ್ಯೂ’.

ಆದರೆ ಆ ಪ್ರಶ್ನೆ ಶಾಲೆಯ ಲ್ಯಾಬಿನಲ್ಲಿ ಯಾರ ಮುಂದೆ ಬರುತ್ತದೆ ಹೇಳಿ. ಗಣಿತ ಪಾಠ ಮಾಡಿಕೊಂಡು, ಬಿಸಿಯೂಟದ ಲೆಕ್ಕ ಬರೆದುಕೊಂಡು, ಲ್ಯಾಬನ್ನೂ ನೋಡಿಕೊಳ್ಳುವ ಮೇಷ್ಟ್ರ ಮುಂದೆ. ಕಪ್ಪು ಪರದೆ, ಅದರಲ್ಲಿ ಇಂಗ್ಲಿಷಿನಲ್ಲಿ ನಾಲ್ಕೈದು ಆಯ್ಕೆ. ಅವರು ಕಿಟಕಿಯನ್ನೇ ಮುಚ್ಚುತ್ತಾರೆ. ಅಪ್‌ಗ್ರೇಡ್ ಅರ್ಧಕ್ಕೆ ನಿಲ್ಲುತ್ತದೆ. ತಾನಾಗಿಯೇ ಅಪ್‌ಡೇಟ್ ಆಗಲಿ ಅಂತ ಬಿಟ್ಟರೆ ಇನ್ನೊಂದು ತಮಾಷೆ. ಇಂಥ ಪ್ರಶ್ನೆ ಕೇಳುವ ಪ್ಯಾಕೇಜನ್ನು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಮುಟ್ಟುವುದೇ ಇಲ್ಲ, ಕೈಯಾರೆ ಮಾಡಿಕೊಳ್ಳಿ ಅಂತ ಪಕ್ಕಕ್ಕಿಡುತ್ತದೆ. ಸೆಕ್ಯುರಿಟಿ ತೇಪೆ ಬಂದಿದ್ದರೂ ಅಷ್ಟೇ.

ಅದಕ್ಕೇ ನನ್ನ ಕೋರಿಕೆ, ಪ್ರಶ್ನೆಯನ್ನು ಚೆನ್ನಾಗಿ ಕೇಳಿ ಅಂತಲ್ಲ. ಕೇಳುವ ಪ್ರಸಂಗವೇ ಬಾರದ ಹಾಗೆ ಮಾಡಿ. ದಾರಿ ಇದೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ನೋಡಿ. ಪ್ಯಾಕೇಜಿನ ಕಡತ, ಪ್ಯಾಕೇಜ್‌ಗಳ ಜಾಗವಾದ ಯುಎಸ್‌ಆರ್ ಫೋಲ್ಡರಿನ ಒಳಗೆ ಇರುತ್ತದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ನನಗೆ ಬೇಕಾದ ಎರಡು ಸಾಲನ್ನು ಎಟ್ಸಿ ಒಳಗೆ, ಹೆಸರಿನ ಕೊನೆಗೆ ಡಾಟ್-ಡಿ ಇರುವ ಫೋಲ್ಡರಿನಲ್ಲಿ, ಒಂದು ಪುಟ್ಟ ಕಡತವಾಗಿ ಇಡುತ್ತೇನೆ. ಮೊದಲು ನಿಮ್ಮದು ಓದುತ್ತದೆ, ಆಮೇಲೆ ನನ್ನದು ಅದರ ಮೇಲೆ ಕೂರುತ್ತದೆ. ನೀವು ನಿಮ್ಮದನ್ನು ವಾರಕ್ಕೊಂದು ಸಲ ಬದಲಿಸಿ, ನನ್ನ ಎರಡು ಸಾಲು ಅಲುಗುವುದಿಲ್ಲ. ಇಬ್ಬರೂ ಒಂದೇ ಕಡತಕ್ಕೆ ಕೈ ಹಾಕದಿದ್ದರೆ ಜಗಳ ಎಲ್ಲಿಂದ ಬರಬೇಕು?

ಇನ್ನು ಹೋಮ್ ಫೋಲ್ಡರ್. ನಿಜವಾದ ಗೋಜಲು ಇರುವುದು ಇಲ್ಲೇ.

ಹಳೆಯ ಯುನಿಕ್ಸ್ ಅಭ್ಯಾಸ ನಿಮಗೆ ಗೊತ್ತು. ಪ್ರತಿ ಪ್ರೋಗ್ರಾಂ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಒಂದು ಕಡತ ಇಟ್ಟು ಹೋಗುತ್ತದೆ. ಇದಕ್ಕೊಂದು ಶಿಸ್ತು ಬರಲಿ ಅಂತ 2003ರಲ್ಲೇ ಎಕ್ಸ್‌ಡಿಜಿ ಬೇಸ್ ಡೈರೆಕ್ಟರಿ ಅನ್ನುವ ಒಪ್ಪಂದ ಬಂತು. ಸೆಟ್ಟಿಂಗ್ಸ್ ಡಾಟ್-ಕಾನ್ಫಿಗ್‌ನಲ್ಲಿ, ಡೇಟಾ ಡಾಟ್-ಲೋಕಲ್ ಒಳಗಿನ ಶೇರ್‌ನಲ್ಲಿ, ಬಿಸಾಡಿದರೂ ನಷ್ಟವಿಲ್ಲದ್ದು ಡಾಟ್-ಕ್ಯಾಶ್‌ನಲ್ಲಿ. 2021ರಲ್ಲಿ ‘ಸ್ಟೇಟ್’ ಅಂತ ನಾಲ್ಕನೆಯದೂ ಸೇರಿತು. ಲಾಗ್, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ, ಇಂಥವೆಲ್ಲ ಅಲ್ಲಿ.

ಈ ನಾಲ್ಕನ್ನು ಬೇರೆ ಬೇರೆ ಇಡುವುದು ಬರೀ ಅಚ್ಚುಕಟ್ಟಿಗೆ ಅಂದುಕೊಳ್ಳಬೇಡಿ. ಕನ್ನಡ ಕೀಬೋರ್ಡ್ ಒಂದನ್ನೇ ತೆಗೆದುಕೊಳ್ಳೋಣ. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಬೇಕೋ, ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ಬೇಕೋ ಅನ್ನುವ ಆಯ್ಕೆ ಸೆಟ್ಟಿಂಗ್. ಒಂದು ನಿಮಿಷದಲ್ಲಿ ಮತ್ತೆ ಆರಿಸಿಕೊಳ್ಳಬಹುದು. ಅಕ್ಕನ ಶಾರ್ಟ್‌ಕಟ್ ಪಟ್ಟಿ ಸೆಟ್ಟಿಂಗ್ ಅಲ್ಲ, ಡೇಟಾ. ಅದು ವರ್ಷಗಳ ದುಡಿಮೆ. ಕೊನೆಗೆ ಯಾವ ಕಿಟಕಿ ಎಲ್ಲಿತ್ತು ಅನ್ನುವುದು ಸ್ಟೇಟ್. ವೇಗಕ್ಕಾಗಿ ನಿಘಂಟಿನಿಂದ ಕಟ್ಟಿಕೊಂಡ ಸೂಚಿ ಕ್ಯಾಶ್. ನಾಲ್ಕನ್ನೂ ಒಂದೇ ಫೋಲ್ಡರಿಗೆ ತುರುಕಿದರೆ ಏನಾಗುತ್ತದೆ? ‘ಸೆಟ್ಟಿಂಗ್ಸ್ ರೀಸೆಟ್ ಮಾಡಿ ನೋಡಿ’ ಅಂತ ನಿಮ್ಮ ಸಹಾಯವಾಣಿಯವರು ಹೇಳುತ್ತಾರೆ, ಗಿರಾಕಿ ಒತ್ತುತ್ತಾರೆ, ಕೀಬೋರ್ಡ್ ಆಯ್ಕೆಯ ಜೊತೆ ಪದಪಟ್ಟಿಯೂ ಹೋಗುತ್ತದೆ. ಪೆನ್‌ಡ್ರೈವಿಗೆ ಬ್ಯಾಕಪ್ ಹಾಕುವಾಗ ಬೇಕಾದ ಪುಟ್ಟ ಪಟ್ಟಿಯ ಜೊತೆ ಬೇಡದ ದೊಡ್ಡ ಸೂಚಿಯೂ ಬರುತ್ತದೆ.

ಲಿನಕ್ಸ್‌ನಲ್ಲಿ ಆ್ಯಪ್ ಹಂಚುವ ಈಗಿನ ಬಗೆಗಳಾದ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಬಂದ ಮೇಲೆ ‘ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ’ ಅನ್ನುವ ಹಾಗಾಗಿದೆ. ಫ್ಲ್ಯಾಟ್‌ಪ್ಯಾಕ್ ಪ್ರತಿ ಆ್ಯಪಿನ ಸೆಟ್ಟಿಂಗ್ಸನ್ನು ಡಾಟ್-ವಾರ್ ಒಳಗೆ ಆ್ಯಪಿನ ಹೆಸರಿನ ಫೋಲ್ಡರಿನಲ್ಲಿ ಇಡುತ್ತದೆ. ಸ್ನ್ಯಾಪ್ ಹೋಮ್ ಫೋಲ್ಡರಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ, ‘ಸ್ನ್ಯಾಪ್’ ಅಂತ ಒಂದು ಫೋಲ್ಡರ್ ತೆರೆಯುತ್ತದೆ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆದಾಗ ಅದರ ಪ್ರೊಫೈಲ್ ಕೂಡ ಅಲ್ಲಿಗೆ ಹೋಯಿತು. ಡಾಟ್-ಕಾನ್ಫಿಗ್ ಕಾಪಿ ಮಾಡಿದರೆ ಸಾಕು ಅಂತ ಬರೆದಿಟ್ಟ ಬ್ಯಾಕಪ್ ಸ್ಕ್ರಿಪ್ಟ್‌ಗೆ ಇವೆರಡೂ ಕಾಣುವುದಿಲ್ಲ. ಮಕ್ಕಳು ‘ಸ್ನ್ಯಾಪ್’ ಫೋಲ್ಡರ್ ನೋಡಿ ಫೋಟೋ ಇರಬಹುದು ಅಂತ ತೆರೆಯುತ್ತಾರೆ. ಬೇಡದ್ದು ಅಂತ ಡಿಲೀಟ್ ಕೂಡ ಮಾಡುತ್ತಾರೆ.

ಆದರೆ ಸ್ನ್ಯಾಪ್‌ನವರು ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಅವರು ಬಳಕೆದಾರರ ಡೇಟಾವನ್ನು ಎರಡು ಪಾಲು ಮಾಡಿದ್ದಾರೆ. ಒಂದು ಪಾಲು ಆವೃತ್ತಿಗೆ ಅಂಟಿಕೊಂಡಿದ್ದು. ಅಪ್‌ಡೇಟ್ ಆಗುವಾಗ ಅದರ ಪ್ರತಿ ತೆಗೆದು ಹೊಸ ಆವೃತ್ತಿಗೆ ಕೊಡುತ್ತಾರೆ. ಹೊಸದು ಕೈಕೊಟ್ಟು ಹಿಂದಕ್ಕೆ ಹೋದರೆ ಹಳೆಯ ಸೆಟ್ಟಿಂಗ್ಸ್ ಹಾಗೇ ಸಿಗುತ್ತದೆ. ಇನ್ನೊಂದು ಪಾಲು ಎಲ್ಲ ಆವೃತ್ತಿಗಳಿಗೂ ಸಾಮಾನ್ಯ. ಸ್ನ್ಯಾಪ್ ತೆಗೆದುಹಾಕಿದರೂ ಅದರ ಡೇಟಾದ ಒಂದು ಪ್ರತಿಯನ್ನು ಸಾಮಾನ್ಯವಾಗಿ 31 ದಿನ ಇಟ್ಟುಕೊಂಡಿರುತ್ತದೆ. ಜಾಗ ಎಲ್ಲಿ ಅನ್ನುವುದರಲ್ಲಿ ನನಗೆ ತಕರಾರಿದೆ, ಯೋಚನೆಯಲ್ಲಿ ಇಲ್ಲ.

ಆವೃತ್ತಿ ಅಂದಾಗ ಲಿಬ್ರೆಆಫೀಸ್ ನೆನಪಾಗುತ್ತದೆ. ಅದರ ಬಳಕೆದಾರ ಫೋಲ್ಡರಿನ ದಾರಿಯಲ್ಲಿ ‘4’ ಅನ್ನುವ ಅಂಕಿ ಇದೆ. 2013ರಲ್ಲಿ 4.0 ಬಂದಾಗಿನ ಅಂಕಿ ಅದು. ಆಮೇಲೆ 5, 6, 7 ಬಂದವು, ಈಗ ವರ್ಷದ ಲೆಕ್ಕದಲ್ಲಿ 24, 25 ಅಂತ ಹೆಸರಿಡುತ್ತಾರೆ. ಆ ‘4’ ಮಾತ್ರ ಅಲ್ಲೇ ಇದೆ. ನೋಡಲು ವಿಚಿತ್ರ. ಆದರೆ ನನಗೆ ಅದರ ಮೇಲೆ ಬಹಳ ಪ್ರೀತಿ. ಅದನ್ನು ಬದಲಿಸದೆ ಬಿಟ್ಟಿದ್ದರಿಂದಲೇ ಇಷ್ಟು ಅಪ್‌ಡೇಟ್ ಕಳೆದರೂ ಸ್ವಂತ ನಿಘಂಟು, ಆಟೋಕರೆಕ್ಟ್ ಪಟ್ಟಿ ಎಲ್ಲ ಉಳಿದಿವೆ. ಕೆಲವರು ಪ್ರತಿ ಬಿಡುಗಡೆಗೂ ಹೊಸ ಅಂಕಿಯ ಹೊಸ ಫೋಲ್ಡರ್ ತೆರೆದು, ಹಳೆಯದನ್ನು ಹಾಗೇ ಅನಾಥ ಮಾಡಿ ಹೋಗುತ್ತಾರೆ. ‘ಡೇಟಾ ಎಲ್ಲೂ ಹೋಗಿಲ್ಲ, ಹಳೆಯ ಫೋಲ್ಡರಿನಲ್ಲಿದೆ’ ಅನ್ನುತ್ತಾರೆ. ನಿಮಗೆ ಗೊತ್ತು ಸ್ವಾಮಿ, ಟೈಪ್ ಮಾಡುವವರಿಗೆ ಗೊತ್ತಿರಬೇಕಲ್ಲ? ನಮ್ಮ ಅಕ್ಕ ಈಗ ಪಟ್ಟಿಯನ್ನೆಲ್ಲ ಲಿಬ್ರೆಆಫೀಸ್‌ನ ಆಟೋಕರೆಕ್ಟ್‌ಗೆ ಹಾಕಿಕೊಂಡಿದ್ದಾರೆ. ಯಂತ್ರ ಬದಲಿಸಿದರೆ ಒಂದು ಫೋಲ್ಡರ್ ಕಾಪಿ, ಮುಗಿಯಿತು.

ಲ್ಯಾಬಿನ ಕಷ್ಟ ಬೇರೆ ಥರದ್ದು. ನಿಮ್ಮಲ್ಲಿ ಹೆಚ್ಚಿನವರು ಒಂದು ಯಂತ್ರಕ್ಕೆ ಒಬ್ಬ ಮನುಷ್ಯ ಅಂತ ಲೆಕ್ಕ ಹಾಕಿ ಪ್ಯಾಕೇಜ್ ಮಾಡುತ್ತೀರಿ. ಇಲ್ಲಿ ಒಂದು ಯಂತ್ರಕ್ಕೆ ಎಂಟನೇ, ಒಂಬತ್ತನೇ, ಹತ್ತನೇ ಕ್ಲಾಸು ಸರದಿಯಲ್ಲಿ ಬರುತ್ತವೆ. ಹೋಮ್ ಫೋಲ್ಡರ್‌ಗಳು ಕೆಲವು ಕಡೆ ಯಂತ್ರದಲ್ಲೇ ಇರುವುದಿಲ್ಲ, ಮೂಲೆಯ ಸರ್ವರಿನಲ್ಲಿರುತ್ತವೆ. ನಿಮ್ಮ ಇನ್‌ಸ್ಟಾಲ್ ಸ್ಕ್ರಿಪ್ಟ್ ರೂಟ್ ಆಗಿ, ಅಂದರೆ ಯಂತ್ರದ ಮುಖ್ಯ ಅಡ್ಮಿನ್ ಹೆಸರಿನಲ್ಲಿ, ಓಡುತ್ತದೆ. ಯಾರ ಹೋಮ್‌ಗೆ ಬರೆಯಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಒಂದು ಕೀಬೋರ್ಡ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದವರ ಹೋಮ್‌ನಲ್ಲಿ, ರೂಟ್ ಹೆಸರಿನಲ್ಲೇ ಕಡತ ಬರೆದು ಹೋಗಿದ್ದನ್ನು ನೋಡಿದ್ದೇನೆ. ಆ ಬಳಕೆದಾರರು ತಮ್ಮದೇ ಸೆಟ್ಟಿಂಗ್ ಬದಲಿಸಲಾಗದೆ ಕೂತರು. ಉಳಿದವರಿಗೆ ಕೀಬೋರ್ಡೇ ಬರಲಿಲ್ಲ.

ಹಾಗಾದರೆ ಎಟ್ಸಿ ಒಳಗಿನ ಸ್ಕೆಲ್ ಫೋಲ್ಡರಿಗೆ ಹಾಕುತ್ತೇವೆ ಅನ್ನಬೇಡಿ. ಹೊಸ ಬಳಕೆದಾರರನ್ನು ಸೃಷ್ಟಿಸುವಾಗ ಅಲ್ಲಿರುವುದು ಒಮ್ಮೆ ಕಾಪಿ ಆಗುತ್ತದೆ, ಅಷ್ಟೇ. ಜೂನ್‌ನಲ್ಲಿ ಖಾತೆ ಮಾಡಿದ ಮಕ್ಕಳಿಗೆ ಆಗಸ್ಟ್‌ನಲ್ಲಿ ನೀವು ಮಾಡಿದ ತಿದ್ದುಪಡಿ ತಲುಪುವುದೇ ಇಲ್ಲ. ಸ್ಕೆಲ್ ಆದಷ್ಟು ಖಾಲಿ ಇರಲಿ ಅಂತ ಡೆಬಿಯನ್ ಪಾಲಿಸಿಯೇ ಹೇಳುತ್ತದೆ. ಕಡತ ಇಲ್ಲದಿದ್ದರೂ ನಿಮ್ಮ ಪ್ರೋಗ್ರಾಂ ನಡೆಯಬೇಕು. ಬಳಕೆದಾರರು ಮೊದಲ ಸಲ ಏನಾದರೂ ಬದಲಿಸಿದಾಗ, ಪ್ರೋಗ್ರಾಂ ಅವರ ಹೆಸರಿನಲ್ಲಿ, ಬದಲಾದದ್ದನ್ನು ಮಾತ್ರ ಬರೆದುಕೊಳ್ಳಲಿ. ಎಲ್ಲ ಡಿಫಾಲ್ಟ್‌ಗಳನ್ನೂ ಅದಕ್ಕೆ ಸುರಿಯಬೇಡಿ. ಸುರಿದರೆ ಮುಂದೆ ನೀವು ಡಿಫಾಲ್ಟ್ ಸರಿಪಡಿಸಿದರೂ ಹಳೆಯ ತಪ್ಪೇ ಅವರ ಹತ್ತಿರ ಉಳಿಯುತ್ತದೆ.

ಚೆನ್ನಾಗಿ ಮಾಡಿರುವುದಕ್ಕೂ ಉದಾಹರಣೆ ನಮ್ಮ ಕೈಯಳತೆಯಲ್ಲೇ ಇದೆ. ಉಬುಂಟುವಿನಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ಎಂ17ಎನ್ ನೋಡಿ. ಕೆಜಿಪಿ ವಿನ್ಯಾಸದ ಕಡತ ಯುಎಸ್‌ಆರ್ ಒಳಗೆ ಇರುತ್ತದೆ. ಯಾರಿಗಾದರೂ ಒಂದು ಕೀಲಿ ಬದಲಿಸಬೇಕು ಅನ್ನಿಸಿದರೆ, ಆ ಕಡತವನ್ನು ತಮ್ಮ ಹೋಮ್‌ನ ಡಾಟ್-ಎಂ17ಎನ್-ಡಾಟ್-ಡಿ ಫೋಲ್ಡರಿಗೆ ಕಾಪಿ ಮಾಡಿಕೊಂಡು ತಿದ್ದಬಹುದು. ಅವರಿಗೆ ಮಾತ್ರ ಅವರದು, ಉಳಿದವರಿಗೆ ಮೂಲದ್ದು. ಫೋಲ್ಡರಿನ ಜಾಗ ಎಕ್ಸ್‌ಡಿಜಿ ಪ್ರಕಾರ ಇಲ್ಲ, ಇರಲಿ ಬಿಡಿ. ಇನ್ನು ಇಡೀ ಲ್ಯಾಬಿಗೆ ಕನ್ನಡ ಕೀಬೋರ್ಡ್ ಮೊದಲೇ ಬರಬೇಕು ಅಂದರೆ ಉಬುಂಟುವಿನ ಡೆಸ್ಕ್‌ಟಾಪ್ ಆದ ನೋಮ್‌ನ ಸೆಟ್ಟಿಂಗ್ಸ್ ಕೋಶ, ಡಿಕಾನ್ಫ್, ಇದೆ. ಎಟ್ಸಿ ಒಳಗೆ ಒಂದೆರಡು ಪುಟ್ಟ ಕಡತ ಬರೆದು, ಒಂದು ಆಜ್ಞೆ ಕೊಟ್ಟರೆ ತಾವಾಗಿ ಬೇರೆ ಆರಿಸಿಕೊಳ್ಳದ ಎಲ್ಲ ಮಕ್ಕಳಿಗೂ ಅದೇ ಡಿಫಾಲ್ಟ್. ಇನ್‌ಸ್ಕ್ರಿಪ್ಟ್ ಬೇಕೆನ್ನುವ ಹುಡುಗಿ ತನಗೆ ಬದಲಿಸಿಕೊಂಡರೆ, ಅದು ಅವಳ ಡಾಟ್-ಕಾನ್ಫಿಗ್‌ನಲ್ಲಿ ಕೂರುತ್ತದೆ. ಯಾವುದನ್ನೂ ಮುಟ್ಟಬಾರದು ಅನ್ನುವ ಪರೀಕ್ಷೆಯ ದಿನಕ್ಕೆ ಬೀಗ ಹಾಕುವ ಸೌಲಭ್ಯವೂ ಇದೆ.

ಒಂದು ವಿನಾಯಿತಿ ಕೊಡುತ್ತೇನೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಓಡಾಡುವ ಪೋರ್ಟಬಲ್ ತಂತ್ರಾಂಶಗಳು ಸೆಟ್ಟಿಂಗ್ಸನ್ನು ತಮ್ಮ ಪಕ್ಕದಲ್ಲೇ ಇಟ್ಟುಕೊಳ್ಳಲಿ. ಅಲ್ಲಿ ಪೆನ್‌ಡ್ರೈವೇ ಬಳಕೆದಾರರ ಮನೆ. ‘ನಮ್ಮದು ಕ್ಲೌಡ್, ಲಾಗಿನ್ ಆದರೆ ಎಲ್ಲ ಬರುತ್ತದೆ’ ಅನ್ನುವವರಿಗೆ ಮಾತ್ರ ವಿನಾಯಿತಿ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ನೆಟ್ ಬರಲು ಎಷ್ಟು ಹೊತ್ತು ಬೇಕು ಅಂತ ನಮ್ಮ ಹಳ್ಳಿ ಶಾಲೆಗಳಿಗೆ ಬಂದು ನೋಡಿ. ಪಾಸ್‌ವರ್ಡ್, ಟೋಕನ್ ಥರದ್ದನ್ನು ಬೇರೆಯವರು ಓದಲಾಗದ ಕಡತದಲ್ಲಿ ಇಡಿ. ಇದನ್ನು ಬಿಡಿಸಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಅಧಿಕಾರಿಗಳೇ, ನಿಮಗೆ ಹೇಳಬೇಕಾದ್ದು ಕಡಿಮೆ. ಟೆಂಡರ್ ಷರತ್ತುಗಳಲ್ಲಿ ಪ್ರೊಸೆಸರ್ ಎಷ್ಟು, ರ‍್ಯಾಮ್ ಎಷ್ಟು ಅಂತೆಲ್ಲ ಪುಟಗಟ್ಟಲೆ ಇರುತ್ತದೆ. ಅದರಲ್ಲಿ ಇದಕ್ಕೂ ಒಂದು ಸಾಲು ಸೇರಿಸಿ. ಬಳಕೆದಾರರ ಸೆಟ್ಟಿಂಗ್ಸ್ ಮತ್ತು ಡೇಟಾ ಯಾವ ಫೋಲ್ಡರಿನಲ್ಲಿ ಇರುತ್ತದೆ ಅಂತ ಕಂಪನಿ ಬರೆದುಕೊಡಬೇಕು, ಅಪ್‌ಡೇಟ್ ಮಾಡಿದರೂ ತೆಗೆದು ಮತ್ತೆ ಹಾಕಿದರೂ ಅದು ಉಳಿಯಬೇಕು, ಬಳಸಲು ಅಡ್ಮಿನ್ ಪಾಸ್‌ವರ್ಡ್ ಬೇಕಾಗಬಾರದು. ಇದಕ್ಕೆ ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ಹೀಗೆ ಕೇಳಿದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ತಂತ್ರಾಂಶ ಮಾಡುವವರೇ, ಮುಂದಿನ ಬಿಡುಗಡೆಗೆ ಮುಂಚೆ ಇಷ್ಟು ಮಾಡಿ ನೋಡಿ. ಖಾಲಿ ಯಂತ್ರದಲ್ಲಿ ಇಬ್ಬರು ಸಾಮಾನ್ಯ ಬಳಕೆದಾರರನ್ನು ಮಾಡಿ. ನಿಮ್ಮ ಹಳೆಯ ಆವೃತ್ತಿ ಹಾಕಿ. ಒಬ್ಬರ ಲಾಗಿನ್‌ನಲ್ಲಿ ಕೀಬೋರ್ಡ್ ಬದಲಿಸಿ, ಪದಪಟ್ಟಿಗೆ ಹತ್ತು ಪದ ಸೇರಿಸಿ. ಇನ್ನೊಬ್ಬರದನ್ನು ಮುಟ್ಟಬೇಡಿ. ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿ. ಆಮೇಲೆ ಪೂರ್ತಿ ತೆಗೆದು ಮತ್ತೆ ಹಾಕಿ. ಮೊದಲನೆಯವರ ಹತ್ತು ಪದ ಹಾಗೇ ಇದ್ದು, ಎರಡನೆಯವರಿಗೆ ಹೊಸ ಡಿಫಾಲ್ಟ್ ಬಂದಿದ್ದರೆ ಬಿಡುಗಡೆ ಮಾಡಿ. ಇಲ್ಲದಿದ್ದರೆ ಇನ್ನೊಂದು ವಾರ ತಡವಾದರೂ ಪರವಾಗಿಲ್ಲ, ನಾವು ಕಾಯುತ್ತೇವೆ.

ಪರೀಕ್ಷೆ ಮಾಡಲು ಯಂತ್ರಗಳಿಲ್ಲ ಅನ್ನುವವರಿದ್ದರೆ, ಬೇಸಿಗೆ ರಜೆಯಲ್ಲಿ ನಮ್ಮ ಕಡೆಯ ಲ್ಯಾಬ್‌ಗಳು ಖಾಲಿ ಇರುತ್ತವೆ. ಮೇಷ್ಟ್ರನ್ನು ಕೇಳಿ ಕೀ ಕೊಡಿಸುವುದು ನನ್ನ ಜವಾಬ್ದಾರಿ. ಬೆಳಗ್ಗೆ ಬೇಗ ಹೊರಟರೆ ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಆಗುತ್ತದೆ.

ಇಂತಿ,
ನಿಮ್ಮ ತಂತ್ರಾಂಶಗಳನ್ನು ದಿನವೂ ಇನ್‌ಸ್ಟಾಲ್ ಮಾಡುವ ತುಮಕೂರಿನವನು